ನಮ್ಮದೇ ಸೆಟ್ಟು

ರಾಧಾಬಾಯಿಯ ಪಿತ್ತಕೋಶದ ಕಲ್ಲು ತೆಗೆಸಲು ಬೆಳಗಾವಿಗೆ ಹೋದವರು ಕಲ್ಲನ್ನು ಹೊಟ್ಟೆಯಲ್ಲೇ ಬಿಟ್ಟು ಅದೇ ಸಂಜೆ ಬೈಲಹೊಂಗಲಕ್ಕೆ ವಾಪಸು ಹೊರಟರು. ಆಪರೇಷನ್ನಿಗೆ ಮುಂಚೆ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಸಿಕ್ಕಿತ್ತು. ಮೊದಲು ಅದರ ಚಿಕಿತ್ಸೆ ಆಗಲಿ, ಕಲ್ಲು ಆಮೇಲೆ ಎಂದು ಡಾಕ್ಟರು ಹೇಳಿದರು.

ಡಾಕ್ಟರರ ಕೋಣೆಯಲ್ಲಿ ರಾಧಾಬಾಯಿಯ ಜೊತೆ ಅವಳ ತಮ್ಮ ರಘೋತ್ತಮ, ಅವನ ಹೆಂಡತಿ ಮಾಲಾಬಾಯಿ, ಅವರ ಮಗಳು ಶ್ರದ್ಧಾ ಕೂತಿದ್ದರು. ಶ್ರದ್ಧಾ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ರಿಪೋರ್ಟಿನ ಇಂಗ್ಲಿಷ್ ಅರ್ಥವಾಗಲಿ ಎಂದು ಅವಳನ್ನು ಕರೆದುಕೊಂಡು ಹೋಗಿದ್ದರು.

"ಅಜ್ಜೀರ, ಹಿಂದ ಯಾವಾಗರೆ ರಕ್ತ ಏರಿಸಿದ್ರೇನ್ರಿ ನಿಮಗ?"

"ಭಾಳ ಹಿಂದ. ಸವದತ್ತ್ಯಾಗ. ನನ್ನ ಹೆರಿಗಿಯೊಳಗ. ಕೂಸು ಉಳೀಲಿಲ್ಲ, ನಾ ಉಳದೆ."

"ಹಚ್ಚಿ ಹಾಕಿಸಿದ್ದು, ಹಲ್ಲು ಕೀಳಿಸಿದ್ದು, ಬ್ಯೂಟಿ ಪಾರ್ಲರು, ಇಂಥಾವು?"

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ಮಾಲಾಬಾಯಿ ನೆಟ್ಟಗೆ ಕೂತಳು. "ಪಾರ್ಲರಿಗೆ ಹೋಗಿದ್ರು. ಶ್ರಾವಣದಾಗ. ನಮ್ಮ ಶ್ರದ್ಧಾನ ನಿಶ್ಚಯದ ಮುಂಚೆ."

ಡಾಕ್ಟರು ತಲೆಯಾಡಿಸಿದರು. "ಶ್ರಾವಣ ಅಂದ್ರ ಹೋದ ತಿಂಗಳ ಅಲ್ಲೇನ್ರಿ. ಇದು ಹೋದ ತಿಂಗಳದ್ದಲ್ಲ. ಲಿವರ್ ಗಟ್ಟಿ ಆಗಿ ಹೋಗೇತಿ. ಎಷ್ಟೋ ವರ್ಷದಿಂದ ಒಳಗ ಕುಂತಿರಬೇಕು. ಆಗಿನ ಕಾಲಕ್ಕ ರಕ್ತಕ್ಕ ಈ ಟೆಸ್ಟ್ ಎಲ್ಲಿತ್ತು?"

ಆಮೇಲೆ ಅವರು ಗುಳಿಗೆಗಳ ಬಗ್ಗೆ ಹೇಳಿದರು. ಮೂರು ತಿಂಗಳು ತಪ್ಪದೆ ತೆಗೆದುಕೊಂಡರೆ ರೋಗಾಣು ಹೋಗುತ್ತದೆ, ಕೆಟ್ಟ ಲಿವರು ಪೂರ್ತಿ ಮೊದಲಿನಂತಾಗುವುದು ಕಷ್ಟ. ಊಟ, ನೀರು, ಮುಟ್ಟುವುದು ಯಾವುದರಿಂದಲೂ ಹರಡುವುದಿಲ್ಲ. "ರಕ್ತ ಒಂದ ನೋಡ್ರಿ. ಬ್ಲೇಡು, ಹಲ್ಲುಜ್ಜೋ ಬ್ರಶ್ಶು, ಉಗುರು ಕತ್ತರಿ ಇಂಥಾವೆಲ್ಲಾ ಇವರದು ಬ್ಯಾರೆ ಇಡ್ರಿ. ಸಾಕು."

ಉಗುರು ಕತ್ತರಿ ಎಂದ ಕೂಡಲೇ ಚಪ್ಪಲಿಯೊಳಗೆ ಶ್ರದ್ಧಾಳ ಬಲಗಾಲಿನ ಹೆಬ್ಬೆರಳು ಮಡಚಿಕೊಂಡಿತು.

ಶ್ರಾವಣದಲ್ಲಿ ಆದದ್ದು ಇಷ್ಟು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪ್ರಣಿತಾಳ ಪಾರ್ಲರು ಇತ್ತು. ಪ್ರಣಿತಾ ರಾಮದುರ್ಗ ತಾಲೂಕಿನ ಸುರೇಬಾನದವಳು. ಕಾಲೇಜಿನಲ್ಲಿ ಶ್ರದ್ಧಾಳಿಗಿಂತ ಒಂದು ವರ್ಷ ಹಿಂದಿದ್ದಳು. ಧಾರವಾಡದಲ್ಲಿ ಕೆಲಸ ಕಲಿತು ಬಂದು, ಅವ್ವ ಸಾವಂತ್ರೆವ್ವಳನ್ನು ಜೊತೆಗಿಟ್ಟುಕೊಂಡು ಅಂಗಡಿ ತೆರೆದಿದ್ದಳು. ಕನ್ನಡಿಯ ಮೇಲೆ ಬುದ್ಧನ ಫೋಟೋ, ಅದರ ಪಕ್ಕ ಬಾಬಾಸಾಹೇಬರ ಫೋಟೋ. ಬೈಲಹೊಂಗಲದ ಹುಡುಗಿಯರು ಹುಬ್ಬಿಗೆ, ಮದುವೆಯ ಅಲಂಕಾರಕ್ಕೆ ಅಲ್ಲಿಗೇ ಹೋಗುತ್ತಿದ್ದರು.

ನಿಶ್ಚಯದ ದಿನ ಗಂಡಿನ ಕಡೆಯ ಹೆಂಗಸರು ಕಾಲಿಗೆ ಅರಿಶಿನ ಕುಂಕುಮ ಹಚ್ಚುವಾಗ ಮೊದಲು ನೋಡುವುದು ಕಾಲನ್ನೇ. ಪೆಡಿಕ್ಯೂರ್ ಮಾಡಿಸಬೇಕೆಂದು ಶ್ರದ್ಧಾ ಹಟ ಹಿಡಿದಳು. ಮಾಲಾಬಾಯಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಯಾರ್ಯಾರದೋ ಉಗುರು ತಗದ ಕತ್ತರಿ ನಮ್ಮ ಕಾಲಿಗೆ ಬ್ಯಾಡ. ನಮ್ಮದೇ ಸೆಟ್ಟು ಒಯ್ಯೋಣ." ಶ್ರದ್ಧಾಳೇ ಹುಬ್ಬಳ್ಳಿಗೆ ಹೋಗಿ ಸೆಟ್ಟು ತಂದಳು. ಕೆಂಪು ಡಬ್ಬಿ, ಜಿಪ್ಪು, ಒಳಗೆ ಉಗುರು ಕತ್ತರಿ, ಅಂಚಿನ ಚರ್ಮ ಕತ್ತರಿಸುವ ಚಿಕ್ಕ ಇಕ್ಕಳ, ಹಿಮ್ಮಡಿ ಹೆರೆಯುವ ಬ್ಲೇಡು. ಹ್ಯಾಗೂ ಹೋಗುತ್ತಿದ್ದೇವೆ ಎಂದು ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿದ್ದ ರಾಧಾ ಅತ್ಯಾಳನ್ನೂ ಕರೆದುಕೊಂಡು ಹೋದರು. ಹಿರಿಯರದು ಮೊದಲು ಆಗಲಿ ಎಂದು ಅವಳನ್ನೇ ಮೊದಲು ಕೂರಿಸಿದರು.

ಅತ್ಯಾಳದು ಮುಗಿದ ಮೇಲೆ ಪ್ರಣಿತಾ ಮೂಲೆಯಲ್ಲಿದ್ದ ಕುಕ್ಕರಿನಂಥ ಯಂತ್ರದ ಮುಚ್ಚಳ ತೆಗೆದಳು. ಒಬ್ಬರಿಗೆ ಬಳಸಿದ ಸಾಮಾನನ್ನು ಅದರೊಳಗೆ ಹಬೆಯಲ್ಲಿ ಬೇಯಿಸಿಯೇ ಇನ್ನೊಬ್ಬರಿಗೆ ಬಳಸುವುದು ಅವಳ ರೂಢಿ.

"ಏನದು?" ಎಂದಳು ಮಾಲಾಬಾಯಿ.

"ಸೆಟ್ಟು ಒಂದೀಟು ಬೇಯಿಸಿ ತಗೀತೇನಿ ಬಾಯಾರ. ಆಮ್ಯಾಲ ಮೇಡಮ್ಮರ ಕಾಲು ಹಿಡೀತೇನಿ."

"ಅದರಾಗ ಬ್ಯಾರೆಯವರ ಕತ್ತರೀನೂ ಬೇಯಿಸ್ತಿಯಲ್ಲ?"

"ಎಲ್ಲಾರದೂ ಬೇಯಿಸ್ತೇನ್ರಿ. ಬೆಂದರನ ಚೊಕ್ಕ ಆಗೂದು."

"ಚೊಕ್ಕ ಬ್ಯಾರೆ, ನಮ್ಮದು ಬ್ಯಾರೆ. ಮಂದೀದು ಬೆಂದದ್ದರಾಗ ನಮ್ಮದು ಬ್ಯಾಡ. ಇದೇನು ಹೊರಗಿನವರು ಮುಟ್ಟಿದ್ದಲ್ಲ, ನಮ್ಮ ಮನೀವರೇ. ನಳದ ಕೆಳಗ ಹಿಡದು ತೊಳಿ."

ಪ್ರಣಿತಾ ಒಂದು ಕ್ಷಣ ಮುಚ್ಚಳ ಹಿಡಿದುಕೊಂಡು ನಿಂತಳು. ಫೋಟೋ ನೋಡಿಯೇ ಈ ಮಾತು ಬಂದಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಶ್ರದ್ಧಾಳಿಗೂ. ಪ್ರಣಿತಾ ಮುಚ್ಚಳ ಹಾಕಿದಳು. ನಳದ ಕೆಳಗೆ ಸೆಟ್ಟು ತೊಳೆದಳು. ತೊಳೆಯುವಾಗ ಬ್ಲೇಡು ಜಾರಿ ಅವಳ ಹೆಬ್ಬೆರಳಿಗೆ ತಾಗಿತು. ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿ, ಹತ್ತಿ ಸುತ್ತಿಕೊಂಡು, ಮೇಲೆ ಕೈಗವಸು ಹಾಕಿಕೊಂಡು ಬಂದು ಶ್ರದ್ಧಾಳ ಕಾಲ ಬಳಿ ಕೂತಳು. ಅವಳ ಮುಖ ಬಿಗಿದಿತ್ತು. ಇಕ್ಕಳ ಸ್ವಲ್ಪ ಜೋರಾಗಿ ಕಚ್ಚಿತು. ಬಲಗಾಲಿನ ಹೆಬ್ಬೆರಳ ಮೂಲೆಯಲ್ಲಿ ರಕ್ತದ ಹನಿ ಕಾಣಿಸಿತು.

"ಅರಿಶಿನ ಹಚ್ಚಿದ್ರಾತು," ಎಂದಳು ಮಾಲಾಬಾಯಿ.

ಗಾಯ ನಿಶ್ಚಯದ ಹೊತ್ತಿಗೇ ಮಾಯವಾಗಿತ್ತು. ರಾಮದುರ್ಗದಿಂದ ಬಂದ ಬೀಗಿತಿಯರು ಕಾಲು ಚೆನ್ನಾಗಿವೆ ಎಂದರು.

ಈಗ ಬೆಳಗಾವಿಯಿಂದ ವಾಪಸು ಬರುವ ಕಾರು ನೇಸರಗಿ ದಾಟಿತು. ಆಮೇಲೆ ಮಾಲಾಬಾಯಿ, "ಆ ಹುಡುಗಿ ಕಡಿಂದನೇ ಬಂದದ," ಎಂದಳು.

"ಡಾಕ್ಟರ್ ಹಳೇದು ಅಂದ್ರಲ್ಲ," ಎಂದ ರಘೋತ್ತಮ.

"ಅವರೇನು ಒಳಗ ಹೊಕ್ಕು ನೋಡ್ಯಾರೇನು? ಇಷ್ಟು ವರ್ಷ ಇಲ್ಲದ್ದು ಪಾರ್ಲರಿಗೆ ಹೋದ ಮ್ಯಾಲೆ ಹ್ಯಾಂಗ ಬಂತು?"

"ಇಷ್ಟು ವರ್ಷ ಯಾರೂ ಟೆಸ್ಟ್ ಮಾಡಿಸಿಲ್ಲಮ್ಮ," ಎಂದಳು ಶ್ರದ್ಧಾ.

"ನೀ ಸುಮ್ಮನಿರು. ಮಾಘದಾಗ ಲಗ್ನ ಅದ. ಈ ಮನ್ಯಾಗ ಹಳೇ ರೋಗ ಅದ ಅಂತ ರಾಮದುರ್ಗಕ್ಕ ಮುಟ್ಟಿದ್ರ ಏನಾಗ್ತದ, ಗೊತ್ತದೇನು? ಹೊರಗಿಂದು ಬಂದ್ರ ಬ್ಯಾರೆ ಮಾತು."

ರಘೋತ್ತಮ ಕಿಟಕಿಯ ಹೊರಗೆ ನೋಡಿದ. ಊರು ಬರುವಷ್ಟರಲ್ಲಿ ಅವನೂ, "ಇರಬಹುದು," ಎಂದ. ರಾಧಾ ಅತ್ಯಾ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡಿರಲಿಲ್ಲ.

ಮನೆಯಲ್ಲಿ ಮರುದಿನದಿಂದಲೇ ಅತ್ಯಾಳ ತಟ್ಟೆ, ಲೋಟ, ತಂಬಿಗೆ ಹಿತ್ತಿಲ ಪಡಸಾಲೆಗೆ ಹೋದವು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದಾಗಿನಿಂದ ಅಡಿಗೆಮನೆ ಅವಳದೇ ಆಗಿತ್ತು. ಮಡಿಯಲ್ಲಿ ನೈವೇದ್ಯಕ್ಕೆ ಮಾಡುತ್ತಿದ್ದವಳೂ ಅವಳೇ. ಈಗ ಹೊಸ್ತಿಲು ದಾಟಬೇಡ ಎಂದು ಯಾರೂ ಹೇಳಲಿಲ್ಲ. ಅವಳು ಬರುವ ಮುಂಚೆಯೇ ಮಾಲಾಬಾಯಿ ಒಲೆ ಹಚ್ಚುತ್ತಿದ್ದಳು, ಅಷ್ಟೆ.

"ಡಾಕ್ಟರು ಊಟದಿಂದ ಏನೂ ಆಗೂದಿಲ್ಲ ಅಂದ್ರಮ್ಮ. ನಾನೂ ಓದೀನಿ," ಎಂದಳು ಶ್ರದ್ಧಾ.

"ಅವರು ಅಂದ್ರು ಅಂತ ನಮ್ಮ ಜಾಗ್ರತಿ ನಾವು ಬಿಡೋದೇನು?"

ಅತ್ಯಾ ಪಡಸಾಲೆಯಲ್ಲಿ ಕೂತು ಗುಳಿಗೆ ನುಂಗುತ್ತಿದ್ದಳು. ಶ್ರದ್ಧಾಳನ್ನು ನೋಡಿ ನಕ್ಕಳು. "ಜೀವಮಾನ ಎಲ್ಲಾ ಮಡಿ ಮಡಿ ಅಂತ ದೂರ ಸರಿದೆ. ಈಗ ನೋಡು, ಖರೇ ಮಡಿ. ನಿಮ್ಮವ್ವ ಸೆರಗು ಸೈತ ತಾಗಗೊಡೂದಿಲ್ಲ."

ಶ್ರದ್ಧಾಳಿಗೆ ನಗು ಬರಲಿಲ್ಲ. ಅತ್ಯಾಳ ಹಿಮ್ಮಡಿಯ ಮೇಲೆ ಅವಳ ಕಣ್ಣು ಹೋಯಿತು. ಒಡಕು ಮತ್ತೆ ಬಿಟ್ಟಿತ್ತು.

ಅವಳಿಗೆ ತಿಳಿದಿತ್ತು, ತಿಳಿದದ್ದೇ ತೊಂದರೆಯಾಗಿತ್ತು. ಅತ್ಯಾಳ ರಕ್ತ ಬ್ಲೇಡಿಗೆ, ಇಕ್ಕಳಕ್ಕೆ. ಇಕ್ಕಳದಿಂದ ತನ್ನ ಹೆಬ್ಬೆರಳಿಗೆ. ಹಾಗೆ ತಗಲುವ ಸಂಭವ ಕಡಿಮೆ ಎಂದು ಫೋನಿನಲ್ಲಿ ಓದಿದಳು. ಇಲ್ಲವೇ ಇಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಬಹಳ ಜನರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ ಎಂದಿತ್ತು. ತನಗೆ ಏನೂ ಆಗುತ್ತಿರಲಿಲ್ಲ. ಅದೇ ಲಕ್ಷಣ ಇರಬಹುದು ಎನ್ನಿಸಿತು. ಬಚ್ಚಲಲ್ಲಿ ಕನ್ನಡಿ ಹಿಡಿದು ಕಣ್ಣಿನ ಬಿಳಿ ಭಾಗ ನೋಡಿಕೊಳ್ಳುವುದು ರೂಢಿಯಾಯಿತು. ಹಲ್ಲುಜ್ಜುವ ಬ್ರಶ್ಶನ್ನು ತನ್ನ ಕಪಾಟಿನಲ್ಲಿ ಬಚ್ಚಿಟ್ಟಳು. ಒಂದು ಮಧ್ಯಾಹ್ನ ಉತ್ತರ ಪತ್ರಿಕೆಗೆ ಪಿನ್ನು ಹೊಡೆಯುವಾಗ ಬೆರಳಿಗೆ ಚುಚ್ಚಿತು. ರಕ್ತ ತಾಗಿದ ಹಾಳೆಯನ್ನು ಹರಿದು ಚೂರು ಮಾಡಿ ಬ್ಯಾಗಿನಲ್ಲಿಟ್ಟುಕೊಂಡಳು. ಅದನ್ನು ಬರೆದ ಮಗು ಉತ್ತರ ಪತ್ರಿಕೆ ಎಲ್ಲಿ ಎಂದು ಕೇಳಿದಾಗ ಕಳೆದುಹೋಯಿತು ಎಂದಳು.

ಅದೇ ವಾರ ಶಾಲೆಯ ಜವಾನಿ ಸಿದ್ದಲಿಂಗವ್ವ ಚಹಾ ಕೊಡಲು ಬಂದವಳು ಬಗ್ಗಿ ಹೇಳಿದಳು. "ಟೀಚರ, ಬಸ್ ಸ್ಟ್ಯಾಂಡ್ ಹಿಂದಿನ ಆ ಪಾರ್ಲರಿನ ಹುಡುಗಿ ಕಡೆ ಹೋಗಬ್ಯಾಡ್ರಿ. ಏಡ್ಸಿನಂಥಾದ್ದು ಏನೋ ಹಚ್ಚಾಕತ್ತಾಳಂತ. ನಿಮ್ಮಪ್ಪಾರನ ಹೋಗಿ ಕೇಳಿ ಬಂದಾರಂತಲ್ಲರಿ."

ಮನೆಗೆ ಬಂದು ಕೇಳಿದಾಗ ರಘೋತ್ತಮ ಒಪ್ಪಿಕೊಂಡ. "ಅಕೀ ಅಂಗಡಿ ಪಾವಟಿಗಿ ಮ್ಯಾಲೆ ನಿಂತೇ ಕೇಳಿದೆ. ಒಳಗ ಹೋಗಲಿಲ್ಲ. ನಮ್ಮ ಮನೀವರಿಗೆ ರೋಗ ಹಚ್ಚೀದಿ, ಇನ್ನೊಬ್ಬರಿಗೆ ಹಚ್ಚಬ್ಯಾಡ ಅಂದೆ. ಯಾವ ರೋಗ ಅಂತ ಹೇಳಲಿಲ್ಲ. ಯಾರಿಗೆ ಅಂತನೂ ಹೇಳಲಿಲ್ಲ."

"ಅಪ್ಪಾ, ಅದು ನಮ್ಮ ಸೆಟ್ಟು."

"ಕೈ ಯಾರದು?"

ಉತ್ತರ ಶ್ರದ್ಧಾಳಿಗೆ ಗೊತ್ತಿತ್ತು. ಕೊಡಬಹುದಿತ್ತು. ಕೈಯಿಂದ ರೋಗ ಬರುವುದಿಲ್ಲ ಎಂದು ಎಂಟನೇ ತರಗತಿಯ ಮಗುವಿಗೂ ಹೇಳುತ್ತಿದ್ದಳು. ಆದರೆ ಪ್ರಣಿತಾಳದಲ್ಲ ಎಂದರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಯಾರದು ಎಂದರೆ ಅತ್ಯಾ. ಅತ್ಯಾಳ ಮುಂದಿನ ಕುರ್ಚಿಯಲ್ಲಿ ತಾನು. ಆ ದಾರಿಯಲ್ಲಿ ಮಾತು ಹೋದರೆ ರಾಮದುರ್ಗದಲ್ಲೇ ನಿಲ್ಲುವುದು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮದುವೆಯಾಗಲಿರುವ ಹುಡುಗ ಭರತ ರಾಮದುರ್ಗದವನು, ಅಲ್ಲಿ ಔಷಧ ಅಂಗಡಿ ನಡೆಸುತ್ತಿದ್ದ. ಸಂಜೆ ಗಿರಾಕಿ ಕಡಿಮೆಯಾದಾಗ ಫೋನು ಮಾಡುತ್ತಿದ್ದ. ಒಳ್ಳೆಯವನು, ಮಾತು ಜಾಸ್ತಿ.

"ನಮ್ಮ ಅಂಗಡ್ಯಾಗ ಎಲ್ಲಾ ಬ್ಯಾನಿಗೂ ಗುಳಿಗಿ ಅವ, ಲಗ್ನಕ್ಕೊಂದು ಇಲ್ಲ. ಈಗ ಸೈತ ವಿಚಾರ ಮಾಡು."

"ಹೆಪಟೈಟಿಸ್ ಸಿಗೆ ಅವೇನು?" ಎಂದಳು ಶ್ರದ್ಧಾ. ತಾನೇ ಕೇಳಿದ್ದು ಅವಳಿಗೇ ಗಾಬರಿಯಾಯಿತು.

"ಅದೆಲ್ಲಾ ನಾವು ಇಡೋದಿಲ್ಲ. ಅದು ಸೂಜಿ ಚುಚ್ಚಿಕೊಳ್ಳೋ ಮಂದಿಗೆ ಬರೋ ರೋಗ. ನಿನಗ್ಯಾಕ ಬೇಕು?"

"ಸಾಲ್ಯಾಗ ಲಿವರಿನ ಪಾಠ ಅದ."

"ಲಿವರ್ ಚಲೋ ಇರಬೇಕಂದ್ರ ಉಪ್ಪಿನಕಾಯಿ ಕಡಿಮಿ ತಿನ್ನು ಅಂತ ಹೇಳು ಹುಡುಗರಿಗೆ," ಎಂದು ನಕ್ಕ. ಅವಳೂ ನಕ್ಕಳು. ಇನ್ನೊಮ್ಮೆ ಆ ಮಾತು ತೆಗೆಯಲಿಲ್ಲ.

ಬೈಲಹೊಂಗಲದ ಲ್ಯಾಬುಗಳಲ್ಲಿ ಎಲ್ಲರೂ ಗುರುತಿನವರು. ಸವದತ್ತಿಯಲ್ಲಿ ಬಂಧುಗಳು. ಒಂದು ಶನಿವಾರ ಶಾಲೆ ಬೇಗ ಬಿಟ್ಟಾಗ ಕಿತ್ತೂರಿನ ಬಸ್ಸು ಹತ್ತಿದಳು. ಹೆದ್ದಾರಿಯ ಬದಿಯಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಲ್ಯಾಬಿತ್ತು. ಲಾರಿಗಳು ಹೋದಾಗಲೆಲ್ಲ ಅಲ್ಲಿನ ಗಾಜಿನ ನಳಿಗೆಗಳು ಟಣಟಣ ಅನ್ನುತ್ತಿದ್ದವು. ಹೆಸರು ಕೇಳಿದಾಗ ರೇಣು ಎಂದಳು. ರಕ್ತ ತೆಗೆದವನು ಸಾಗರ ಎಂಬ ಹುಡುಗ, ಅವಳಿಗಿಂತ ಚಿಕ್ಕವನು. ಕೆಳಗೆ ಹೋಗಿ ಚಹಾ ಕುಡಿದು ಬಂದ ಮೇಲೆ ಅವನು ಕರೆದ.

"ರೇಣು ಮೇಡಂ, ಏನಿಲ್ಲರಿ."

"ಏನಿಲ್ಲ ಅಂದ್ರ?"

"ರೋಗ ತೋರಿಸಿಲ್ಲ. ಆದ್ರ ಗಾಯ ಆಗಿದ್ದು ಶ್ರಾವಣದಾಗ ಅಂತೀರಿ. ಇಷ್ಟು ಲಗೂ ಈ ಟೆಸ್ಟಿನಾಗ ಕಾಣಂಗಿಲ್ಲ. ಈಗಿನ ಇಲ್ಲ ಅನ್ನೂದು ಖರೇ ಇಲ್ಲ ಅಲ್ಲ. ಸಂಕ್ರಾಂತಿ ಆಗಲಿ, ಆಮ್ಯಾಲ ಬರ್ರಿ."

"ಅಲ್ಲೀತನಕ ಏನು ಮಾಡಲಿ?"

ಸಾಗರ ಕೈಗವಸು ಬಿಚ್ಚಿ ಡಬ್ಬಕ್ಕೆ ಹಾಕಿದ. "ಏನ್ ಮಾಡ್ತೀರಿ? ಉಣ್ರಿ, ಮಕ್ಕೊಳ್ರಿ. ಲಗ್ನ ಆಗೇತೇನ್ರಿ?"

"ಇಲ್ಲ."

"ಚಲೋ ಆತು," ಎಂದ. ಯಾಕೆ ಚಲೋ ಎಂದು ಹೇಳಲಿಲ್ಲ.

ಅವಳು ಉಂಡಳು, ಮಲಗಿದಳು. ದಸರಾ ಹೋಯಿತು, ದೀಪಾವಳಿ ಹೋಯಿತು. ಸೀರೆ ತರಲು ಹುಬ್ಬಳ್ಳಿಗೆ ಹೋಗಿ ಬಂದರು. ತಾಯಿ ಲಗ್ನಪತ್ರಿಕೆಯ ಬಣ್ಣ ಆರಿಸುವಾಗ ಅವಳೂ ಆರಿಸಿದಳು. ತನಗಿದ್ದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಅವಳು ಆರಿಸಲಿಲ್ಲ. ಹೇಳಿ ಮುರಿದುಕೊಳ್ಳುವುದೋ, ಹೇಳದೆ ಕಟ್ಟಿಕೊಳ್ಳುವುದೋ. ಗುಳಿಗೆಯಿಂದ ವಾಸಿಯಾಗುತ್ತದೆ ಎಂಬುದನ್ನು ಅವಳು ನೂರು ಸಲ ಓದಿದ್ದಳು. ಪಡಸಾಲೆಯಲ್ಲಿ ಅತ್ಯಾಳ ತಟ್ಟೆ ನೋಡಿದಾಗ ಆ ಓದು ಹಾರಿಹೋಗುತ್ತಿತ್ತು. ಅತ್ಯಾ ಗುಳಿಗೆ ಮುಗಿಸಿದಳು, ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿ ರೋಗಾಣು ಕಾಣುತ್ತಿಲ್ಲ ಎಂದರು. ತಟ್ಟೆ ಪಡಸಾಲೆಯಿಂದ ಒಳಗೆ ಬರಲಿಲ್ಲ.

ಪ್ರಣಿತಾಳ ಹೆಬ್ಬೆರಳು ಅವಳ ನೆನಪಿಗೆ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು. ಮೊದಲು ತನ್ನದು ಗೊತ್ತಾಗಲಿ ಎಂದು ಅದನ್ನು ಆಚೆ ತಳ್ಳುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗುವಾಗ ಆ ಓಣಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು.

ಸಂಕ್ರಾಂತಿಯ ಎಳ್ಳು ಹಂಚಿ ಮುಗಿದ ಮೇಲೆ ಮತ್ತೆ ಕಿತ್ತೂರಿಗೆ ಹೋದಳು. ಸಾಗರನಿಗೆ ಅವಳ ನೆನಪಿತ್ತು. ಈ ಸಲ ಅವಳು ಕೆಳಗೆ ಚಹಾಕ್ಕೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತು ನಳಿಗೆಗಳ ಸದ್ದು ಕೇಳುತ್ತಿದ್ದಳು.

"ಇಲ್ಲರಿ ಮೇಡಂ. ಈಗ ಇಲ್ಲ ಅಂದ್ರ ಇಲ್ಲ. ಪೇಢೆ ಕೊಡಸ್ರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಅತ್ತಳು. ಪಕ್ಕದ ಹೆಂಗಸು ತವರು ಬಿಟ್ಟು ಹೊರಟವಳಿರಬೇಕು ಎಂದುಕೊಂಡು ಸೀರೆಯ ಗಂಟಿನಿಂದ ಒಂದು ಬಾಳೆಹಣ್ಣು ತೆಗೆದುಕೊಟ್ಟಳು. ಅವಳು ತಿಂದಳು. ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು.

ಮನೆಯಲ್ಲಿ ಮಾಲಾಬಾಯಿ ಮದುವೆಯ ಸಾಮಾನು ಹರವಿಕೊಂಡು ಕೂತಿದ್ದಳು. "ಅಲಂಕಾರಕ್ಕ ಕಿತ್ತೂರಿಂದ ಒಬ್ಬಾಕಿನ್ನ ಕರಸ್ತೀನಿ. ನಮ್ಮ ಪೈಕಿನೇ. ಕಾಲಿಂದೂ ಮನ್ಯಾಗನ ಮಾಡ್ತಾಳಂತ. ನಮ್ಮದೇ ಸೆಟ್ಟು ಅದ ಅಂತ ಹೇಳೀನಿ."

ಶ್ರದ್ಧಾ ನೋಡಿದಳು. ಸೀರೆಗಳ ನಡುವೆ ಕೆಂಪು ಡಬ್ಬಿ ಇತ್ತು.

"ಇದನ್ನ ಇನ್ನೂ ಇಟ್ಟಿಯೇನಮ್ಮ?"

"ಇಡದೇ? ಅರಿಶಿನ ನೀರಾಗ ತೊಳದು, ಬಿಸಲಿಗೆ ಹಾಕಿ ಇಟ್ಟೀನಿ. ನೀನೇ ಅಲ್ಲ ಹುಬ್ಬಳ್ಳಿಗೆ ಹೋಗಿ ತಂದಿದ್ದು? ಮೂರು ಮಂದಿ ಕಾಕೂನ ಸೊಸ್ತ್ಯಾರು ಬರ್ತಾರ, ಎಲ್ಲಾರೂ ಮಾಡಿಸಿಕೊಳ್ತಾರ."

"ಅತ್ಯಾನ ಕಾಲಿಗೆ ಬಳಸಿದ್ದು ಇದು."

"ಅತ್ಯಾ ಏನು ಹೊರಗಿನಾಕಿ?"

ಮಾಲಾಬಾಯಿ ವ್ಯಂಗ್ಯಕ್ಕೆ ಹೇಳಿರಲಿಲ್ಲ. ಖರೇನೇ ಹೇಳಿದ್ದಳು. ಶ್ರದ್ಧಾ ಡಬ್ಬಿ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡಳು. ತಾಯಿ ಏನೋ ಕೇಳುತ್ತಿದ್ದಳು. ಅವಳು ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಪಾರ್ಲರಿನ ಬೋರ್ಡು ಇಳಿದಿತ್ತು. ಬೋರ್ಡಿದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಚೌಕಾಗಿ ಕಾಣುತ್ತಿತ್ತು. ಬಾಗಿಲಲ್ಲಿ ಸಾವಂತ್ರೆವ್ವ ಒಂದು ಗೋಣಿಚೀಲದ ಬಾಯಿ ಹೊಲಿಯುತ್ತ ಕೂತಿದ್ದಳು.

"ಬಂದ್ ಆಗೇತ್ರಿ ಬಾಯಾರ. ನಿಮ್ಮ ಮನೀವರು ಹೇಳಿಲ್ಲೇನ್ರಿ?" ಎಂದಳು ತಲೆಯೆತ್ತದೆ.

"ಅವ್ವಾ, ಒಳಗ ಬಿಡು," ಎಂಬ ದನಿ ಒಳಗಿನಿಂದ ಬಂತು.

ಕುರ್ಚಿಗಳು ಒಂದರ ಮೇಲೊಂದು ಕೂತಿದ್ದವು. ಹಬೆಯ ಯಂತ್ರಕ್ಕೆ ಹಗ್ಗ ಬಿಗಿದಿತ್ತು. ಪ್ರಣಿತಾ ಕನ್ನಡಿಗೆ ಅಂಟಿದ್ದ ಒಂದು ಹಾಳೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಸೊರಗಿದ್ದಳು.

"ಬರ್ರಿ ಮೇಡಂ. ಕುಂದ್ರಾಕ ಏನಿಲ್ಲ. ಲಗ್ನದ ಕಾರ್ಡ್ ಕೊಡಾಕ ಬಂದ್ರೇನು?"

"ಎಲ್ಲಿಗೆ ಹೊಂಟೀದಿ?"

"ಸುರೇಬಾನಕ್ಕ. ಮತ್ತೆಲ್ಲಿಗೆ? ನಿಮ್ಮಪ್ಪಾರು ಬಂದು ರೋಗ ಅಂದ್ರು. ಯಾವ ರೋಗರಿ ಅಂತ ಕೇಳಿದ್ನಿ, ನಿನಗ್ಯಾಕ ಹೇಳಬೇಕು ಅಂದ್ರು. ನಾ ಉಗುರಿಗೆ ಹುಳಕಡ್ಡಿ ಆಗಿರಬೇಕು ಅನಕೊಂಡ್ನಿ. ಮಂದಿ ಏಡ್ಸ್ ಅಂದ್ರು. ಹೋಗಿ ಅದರ ಟೆಸ್ಟ್ ಮಾಡಿಸಿದ್ನಿ. ಇಲ್ಲ ಅಂತ ಬಂತು. ಎಲ್ಲಾರೂ ಓದಲಿ ಅಂತ ರಿಪೋರ್ಟ್ ಕನ್ನಡಿಗೆ ಅಂಟಿಸಿದ್ನಿ." ಅವಳು ಹಾಳೆಯ ಕೊನೆಯ ತುಂಡನ್ನು ಕಿತ್ತಳು. "ಅದನ್ನ ನೋಡಿ ಉಳದವರೂ ಬರೂದು ಬಿಟ್ರು."

ಶ್ರದ್ಧಾ ಬ್ಯಾಗಿನಿಂದ ಕೆಂಪು ಡಬ್ಬಿ ತೆಗೆದಳು. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು.

"ಏಡ್ಸ್ ಅಲ್ಲ. ಹೆಪಟೈಟಿಸ್ ಸಿ. ನಮ್ಮ ಅತ್ಯಾಗ ಇತ್ತು. ನಿನ್ನಿಂದ ಅಲ್ಲ, ಭಾಳ ವರ್ಷದಿಂದ. ಡಾಕ್ಟರ್ ಹೇಳಿದ್ರು. ಅವತ್ತು ಬ್ಲೇಡು ನಿನ್ನ ಹೆಬ್ಬಟ್ಟಿಗೆ ತಾಗಿತ್ತಲ್ಲ. ಅತ್ಯಾನ ಕಾಲಿಗೆ ಹಿಡಿದ ಬ್ಲೇಡು."

ಪ್ರಣಿತಾ ತನ್ನ ಹೆಬ್ಬೆರಳನ್ನು ನೋಡಲಿಲ್ಲ. ಶ್ರದ್ಧಾಳನ್ನೇ ನೋಡಿದಳು.

"ಯಾವಾಗ ಗೊತ್ತಾತು ನಿಮಗ?"

"ಗಣಪತಿ ಹಬ್ಬದ ಸುಮಾರಿಗೆ."

"ಈಗ ಸಂಕ್ರಾಂತಿ ಮುಗೀತು." ದನಿ ಏರಲಿಲ್ಲ. "ನಿಮಗೂ ತಾಗಿತ್ತು. ನಾನ ಕಚ್ಚಿಸಿದ್ನಿ, ನೆನಪೈತಿ. ಟೆಸ್ಟ್ ಮಾಡಿಸಿದ್ರೇನು?"

"ಹೌದು. ಇವತ್ತ ಬಂತು. ಇಲ್ಲ."

"ಇವತ್ತ ಬಂತು, ಇವತ್ತ ಬಂದ್ರಿ." ಪ್ರಣಿತಾ ಹಾಳೆಯ ಚೂರುಗಳನ್ನು ಅಂಗೈಯಲ್ಲಿ ಉಂಡೆ ಮಾಡಿದಳು. "ನಾನೂ ಅವತ್ತ ಒತ್ತಿ ಹೇಳಬೇಕಿತ್ತು. ಬೇಯಿಸದ ಸಾಮಾನು ಮುಟ್ಟಂಗಿಲ್ಲ, ಎದ್ದು ಹೋಗ್ರಿ ಅನಬೇಕಿತ್ತು. ನಿಮ್ಮವ್ವಾರು ಅಂದ ಮಾತಿಗೆ ಸಿಟ್ಟು ಬಂತು. ಏನರೆ ಮಾಡಿಕೊಳ್ರಿ ಅಂತ ಬಿಟ್ಟೆ. ಸಿಟ್ಟಿನಾಗ ಕೈಯೂ ಕುಯ್ಕೊಂಡ್ನಿ."

ಬಾಗಿಲಲ್ಲಿ ದಬ್ಬಣ ನಿಂತಿತ್ತು. ಸಾವಂತ್ರೆವ್ವ ಕೇಳಿಸಿಕೊಳ್ಳುತ್ತಿದ್ದಳು.

"ಹ್ಯಾಂಗ ಇರ್ತೈತ್ರಿ ಅದು? ತ್ರಾಸ ಆಗ್ತೈತೇನು?" ಪ್ರಣಿತಾ ಕೇಳಿದಳು.

"ಏನೂ ಗೊತ್ತಾಗೂದಿಲ್ಲ. ತಗಲೋದು ಭಾಳ ಕಡಿಮಿ. ತಗಲಿದ್ರೂ ಗುಳಿಗಿ ಅವ. ಅತ್ಯಾಗ ವಾಸಿ ಆತು." ತಾನು ತನಗೆ ಹೇಳಿಕೊಂಡ ಮಾತುಗಳೇ ಅವು. ಅವುಗಳಿಂದ ತನಗೆ ಎಷ್ಟು ಸಮಾಧಾನ ಸಿಕ್ಕಿತ್ತು ಎಂಬುದು ಅವಳಿಗೆ ಗೊತ್ತಿತ್ತು. "ಕಿತ್ತೂರಾಗ ಒಂದು ಲ್ಯಾಬ್ ಅದ, ಹೈವೇ ಬಾಜೂಕ. ಟೈರ್ ಅಂಗಡಿ ಮ್ಯಾಲೆ. ಯಾರೂ ಗುರುತಿನವರು ಬರೂದಿಲ್ಲ."

"ನಾ ಯಾಕ ಗುರುತಿನವರಿಗೆ ಅಂಜಲಿ? ಅನ್ನೂದೆಲ್ಲಾ ಅಂದು ಮುಗಿಸ್ಯಾರ." ಪ್ರಣಿತಾ ಉಂಡೆಯನ್ನು ಮೂಲೆಗೆ ಎಸೆದಳು. "ನಾಳೆ ಹೋಗತೇನಿ. ನೀವೂ ಬರ್ರಿ. ಬಂದು ಆಮ್ಯಾಲ ನಿಮ್ಮಪ್ಪಾರನ ಕರಕೊಂಡು ಬರ್ರಿ. ಅವತ್ತ ನಿಂತ ಪಾವಟಿಗಿ ಮ್ಯಾಲನ ನಿಂತು, ಓಣಿ ಮಂದಿ ಮುಂದ, ರೋಗ ನಮ್ಮ ಮನೀದು ಅನ್ಲಿ. ಒಂದ ಮಾತು. ಬೋರ್ಡ್ ನಾ ಮತ್ತ ಏರಿಸ್ತೇನಿ."

ಶ್ರದ್ಧಾ ಬಾಯಿ ತೆರೆದಳು. ನಾಳೆ ರಾಮದುರ್ಗದಿಂದ ಬೀಗರು ಬರುವವರಿದ್ದರು, ಬಂಗಾರ ನೋಡಲು. ಅವರೆದುರಿಗೆ ಅಪ್ಪ ಪಾವಟಿಗೆಯ ಮೇಲೆ ನಿಂತದ್ದು ಊಹಿಸಲು ನೋಡಿದಳು. ಅವಳಿಗೆ ಆಗಲಿಲ್ಲ.

"ಲಗ್ನ ಮುಗೀಲಿ," ಎಂದಳು.

ಪ್ರಣಿತಾ ತಲೆಯಾಡಿಸಿದಳು. ಗೊತ್ತಿದ್ದದ್ದೇ ಎಂಬಂತೆ. "ಅವ್ವಾ, ಆ ಚೀಲ ಹೊಲಿ. ಟೆಂಪೋ ನಾಡದು ಅಂತ ಹೇಳು. ನಾಳೆ ಕಿತ್ತೂರಿಗೆ ಹೋಗೂದೈತಿ." ಆಮೇಲೆ ಶ್ರದ್ಧಾಳ ಕೈ ಕಡೆ ನೋಡಿದಳು. "ಅದನ್ನ ಇಲ್ಲಿ ಬಿಟ್ಟು ಹೋಗಬ್ಯಾಡ್ರಿ. ನಿಮ್ಮದು ಅದು."

ಶ್ರದ್ಧಾ ಹೊರಗೆ ಬಂದಳು. ಓಣಿಯ ಕೊನೆಯಲ್ಲಿ ಪುರಸಭೆಯವರ ಕಸದ ತೊಟ್ಟಿ ಇತ್ತು. ಡಬ್ಬಿ ಎತ್ತಿ ಹಾಕಲು ಹೋದಳು. ತೊಟ್ಟಿಯೊಳಗೆ ಬಗ್ಗಿ ಒಬ್ಬ ಮುದುಕಿ ಬರಿಗೈಯಿಂದ ಪ್ಲಾಸ್ಟಿಕ್ಕು ಆರಿಸುತ್ತಿದ್ದಳು. ಡಬ್ಬಿ ಹೊಸದರಂತೆ ಹೊಳೆಯುತ್ತಿತ್ತು, ಮುದುಕಿ ಕೈ ಚಾಚಿದಳು.

"ಬ್ಯಾಡಾಗೇತೇನ್ರಿ?"

"ಇಲ್ಲ," ಎಂದು ಶ್ರದ್ಧಾ ಅದನ್ನು ಮತ್ತೆ ಬ್ಯಾಗಿಗೆ ಹಾಕಿ, ಮನೆಯ ಕಡೆಗೆ ನಡೆದಳು.